ಬ್ಲಾಗ್ ಬರೆದ ಬಾಸ್
ಕಂಪನಿ ಮುಖ್ಯಸ್ಥರ ಪೋಸ್ಟ್ ಓದುವಾಗೆಲ್ಲ ನನಗೆ ಅಮೆರಿಕದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್‌ನ ಮುಖ್ಯಸ್ಥರಾಗಿದ್ದ ಜೊನಾಥನ್ ಶ್ವಾರ್ಟ್ಸ್ ನೆನಪಾಗುತ್ತಾರೆ. 2004ರಲ್ಲೇ ಬ್ಲಾಗ್ ಶುರು ಮಾಡಿದವರು. ಕಂಪನಿಯ ದೊಡ್ಡ ಸುದ್ದಿಯನ್ನು ಬ್ಲಾಗಿನಲ್ಲೇ ಹೇಳಲು ಬಿಡಿ ಎಂದು 2006ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಗೆ ಪತ್ರ ಬರೆದರು. ಆ ಸಂಸ್ಥೆಯ ಅಧ್ಯಕ್ಷ ಕ್ರಿಸ್ಟೋಫರ್ ಕಾಕ್ಸ್ ಅದೇ ಬ್ಲಾಗಿನ ಕಾಮೆಂಟಿನಲ್ಲಿ ಉತ್ತರ ಕೊಟ್ಟರು! ಎಷ್ಟು ಚೆನ್ನಾಗಿದೆ ಅಲ್ವಾ?

ಅದೇ ವರ್ಷ ಇನ್ನೊಂದು ಬ್ಲಾಗೂ ಬಂದಿತ್ತು. ವಾಲ್‌ಮಾರ್ಟ್ ಮಳಿಗೆಗಳ ಪಾರ್ಕಿಂಗ್ ಜಾಗಗಳಲ್ಲಿ ರಾತ್ರಿ ತಂಗುತ್ತಾ ಅಮೆರಿಕ ಸುತ್ತಿದ ಜೋಡಿಯದು. ಸಿಕ್ಕ ನೌಕರರೆಲ್ಲ ಖುಷಿಯಾಗಿದ್ದಾರೆ ಎಂಬಂಥ ಬರಹ. ಆಮೇಲೆ ಗೊತ್ತಾಯಿತು, ಇದರ ಹಿಂದೆ ಇದ್ದದ್ದು ವಾಲ್‌ಮಾರ್ಟ್‌ನ ಪಿಆರ್ (ಪ್ರಚಾರ) ಸಂಸ್ಥೆ ಎಡೆಲ್‌ಮನ್. ಅದರ ಮುಖ್ಯಸ್ಥ ರಿಚರ್ಡ್ ಎಡೆಲ್‌ಮನ್ ತಮ್ಮ ಬ್ಲಾಗಿನಲ್ಲೇ ಕ್ಷಮೆ ಕೇಳಬೇಕಾಯಿತು. ದುಡ್ಡು ಯಾರದ್ದು ಅಂತ ಮೊದಲೇ ಸರಿಯಾಗಿ ಹೇಳಿದ್ದರೆ, ಆ ಪ್ರವಾಸವನ್ನು ನಾನಂತೂ ಇಷ್ಟಪಟ್ಟೇ ಓದುತ್ತಿದ್ದೆ.