ಬಲ್ಮಠದಿಂದ ಜೆಪ್ಪುವಿಗೆ

ಧಾರವಾಡದಿಂದ ಅರಬೈಲ್ ಘಾಟಿ ಇಳಿದು, ಅಂಕೋಲಾ ದಾಟಿ ಮಂಗಳೂರು ಸೇರುವಷ್ಟರಲ್ಲಿ ಶನಿವಾರ ರಾತ್ರಿಯಾಗಿತ್ತು. ನಮ್ಮದು ಹಳೇ ಬಾಸೆಲ್ ಮಿಶನ್, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟಂಟ್ ಮಿಶನ್ ಕಟ್ಟಿದ ಕ್ರೈಸ್ತ ಸಭೆಯ ಮನೆತನ. 1834ರಲ್ಲಿ ಹೆಬಿಖ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಬಂದು ಕೆಲಸ ಶುರು ಮಾಡಿದ ಊರನ್ನು ನೋಡಬೇಕೆಂಬ ಆಸೆ ಮೊದಲಿನಿಂದಲೂ ಇತ್ತು.

ಭಾನುವಾರ ಬೆಳಿಗ್ಗೆ ಬಲ್ಮಠದ ಶಾಂತಿ ಕೆಥೆಡ್ರಲ್‌ಗೆ ಹೋದೆವು. 1862ರ ಕಟ್ಟಡ. ಕನ್ನಡದ ಕೀರ್ತನೆ ಶುರುವಾಯಿತು. ಎಲ್ಲರೂ ಎದ್ದು ನಿಂತು, ನಾವು ಏನನ್ನು ನಂಬುತ್ತೇವೆ ಎಂದು ಸಾರುವ ವಿಶ್ವಾಸ ಪ್ರಮಾಣ ಹೇಳಿದರು. ಪ್ರತಿ ವಾರ ಹೇಳುವ ಮಾತೇ. ಆದರೆ ಈ ಗುಡ್ಡದ ಮೇಲೆ ಅದನ್ನು ಹೇಳಿದವರು ಏನೇನು ಕಳೆದುಕೊಂಡರು ಅಂತ ಗೊತ್ತಿದ್ದರೆ ಗಂಟಲು ಕಟ್ಟುತ್ತದೆ.

1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಗದ್ದಲವೇ ಆಯಿತು. ಅವರು ಹಿಂದೆ ಸರಿಯಲಿಲ್ಲ. ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಇದೇ ನಾಡಿಗೆ ಮರಳಿದರು. ಅವರ ಹೆಸರಾದರೂ ಉಳಿದಿದೆ. ಸಭೆ ಸೇರಿದ ಬಿಲ್ಲವರಲ್ಲಿ ಎಷ್ಟೋ ಜನರ ಹೆಸರು ಯಾರಿಗೂ ಗೊತ್ತಿಲ್ಲ. ಸಭೆ ಸೇರಬೇಕಾದರೆ ಕಳ್ಳು ಇಳಿಸುವ ಕಸುಬು ಬಿಡಬೇಕಿತ್ತು. ಜಾತಿಯವರು ದೂರ ಇಟ್ಟರು, ಹೊಟ್ಟೆಪಾಡೂ ಹೋಯಿತು. ಮಿಶನ್ನಿನವರು ಮಗ್ಗ ಹಾಕಿಸಿದ್ದು, ಹೆಂಚಿನ ಕಾರ್ಖಾನೆ ತೆರೆದದ್ದು ಮುಖ್ಯವಾಗಿ ಇಂಥವರಿಗಾಗಿಯೇ. ಅನ್ನದ ಆಸೆಗೆ ಮತ ಬಿಟ್ಟರು ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಇವರು ಮೊದಲು ಅನ್ನ ಕಳೆದುಕೊಂಡರು. ಕಾರ್ಖಾನೆ ಬಂದದ್ದು ಆಮೇಲೆ.

ಮಧ್ಯಾಹ್ನ ಮೀನೂಟ ಮುಗಿಸಿ ಜೆಪ್ಪು ಕಡೆ ನಡೆದೆವು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಇಲ್ಲಿ ಹೆಂಚು ಮಾಡಲು ಶುರು ಮಾಡಿದರು. ದಾರಿಯಲ್ಲಿ ಒಂದು ಹಳೇ ಮನೆಯ ಹೆಂಚು ಇಳಿಸಿ ಅಂಗಳದಲ್ಲಿ ಒಟ್ಟಿದ್ದರು. ಕೇಳಿ ಒಂದನ್ನು ಕೈಗೆತ್ತಿಕೊಂಡೆ. ಮೇಲೆ ಮಳೆನೀರು ಹರಿಯಲು ಕಾಲುವೆ. ಅಂಚಿನಲ್ಲಿ ಪಕ್ಕದ ಹೆಂಚಿಗೆ ಕೂರುವ ತುಟಿ. ಹಿಂಬದಿ ರೀಪಿಗೆ ಸಿಕ್ಕಿಕೊಳ್ಳುವ ಗುಬುಟು. ಒಳಮೈಯಲ್ಲಿ ಬಾಸೆಲ್ ಮಿಶನ್ ಎಂದು ಉಬ್ಬಿದ ಅಕ್ಷರ, ಅದರ ಸಂದಿಯಲ್ಲೆಲ್ಲ ಒಲೆಯ ಮಸಿ. ಅಡುಗೆಮನೆಯ ಮೇಲಿದ್ದ ಹೆಂಚಿರಬೇಕು. ಈ ಜೇಡಿಮಣ್ಣು ತುಳಿದ ಕೈಕಾಲುಗಳಿಗೆ ನಾಳೆ ಹೇಗೋ ಏನೋ ಎಂಬ ಚಿಂತೆ ಇರಲಿಲ್ಲವೇ? ಖಂಡಿತ ಇತ್ತು. ಆದರೂ ದೇವರು ಕೈಬಿಡುವುದಿಲ್ಲ ಅಂತ ಕೆಲಸಕ್ಕೆ ಬಂದರು. ನಂಬಿಕೆ ಅಂದರೆ ನನಗೆ ಇಷ್ಟೇ ಅರ್ಥವಾಗುವುದು.

1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧಿಸಿತು. ಕಾರ್ಖಾನೆಗಳೂ ಮಿಶನ್ನಿನ ಕೈತಪ್ಪಿದವು. ಕೆಲಸ ಕೊಟ್ಟವರು ಹೋದಮೇಲೆ ಸಭೆಯೂ ಚದುರಬೇಕಿತ್ತು, ಅಲ್ವಾ? ಚದುರಲಿಲ್ಲ. ಊರಿನ ಪಾದ್ರಿಗಳು, ಉಪದೇಶಿಗಳು, ಹೆಂಗಸರು ಅದನ್ನು ಹಿಡಿದು ನಿಲ್ಲಿಸಿದರು. ಬೆಳಿಗ್ಗೆ ನಮ್ಮ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದರು ಅಂದಿದ್ದರು. ಮೂಲ್ಕಿ ಕಡೆಯಿಂದ ಬಂದ ಕುಟುಂಬವಂತೆ. ಅಲ್ಲಿಯ ಸಭೆಯನ್ನೂ ನೋಡಿಕೊಂಡು ಹೋಗಿ ಅಂತ ಒತ್ತಾಯ ಮಾಡಿದ್ದರು. ಸಂಜೆ ಮೂಲ್ಕಿ ಬಸ್ಸು ಹತ್ತಿದೆವು.