ಅಮ್ಮನ ಚೀಟಿಯ ಖಾಲಿ ಸಾಲುಗಳು

19 ಜನವರಿ 2025, ಭಾನುವಾರ
ಸಾಗರ ತಾಲ್ಲೂಕು

ಬೆಳಿಗ್ಗೆ ಅಡಿಕೆ ಲೆಕ್ಕದ ಪುಸ್ತಕ ಹುಡುಕುವಾಗ ಪೆಟ್ಟಿಗೆಯ ತಳದಲ್ಲಿ ಅಮ್ಮನ ಚುಚ್ಚುಮದ್ದಿನ ಚೀಟಿ ಸಿಕ್ಕಿತು. ಮಂಗನ ಕಾಯಿಲೆಯದ್ದು. 2019ರ ಜನವರಿಯಲ್ಲಿ ಒಂದು, ಫೆಬ್ರುವರಿಯಲ್ಲಿ ಇನ್ನೊಂದು. ಅರಳಗೋಡಿನ ಕಡೆಯಿಂದ ಸಾವಿನ ಸುದ್ದಿ ಬರುತ್ತಿದ್ದ ಕಾಲ ಅದು. ಮೂರನೆಯ ಸಾಲು ಖಾಲಿ. ಅದರ ಕೆಳಗಿನವೂ ಖಾಲಿ.

“ಎರಡು ಹಾಕಿಸಿಕೊಂಡೆನಲ್ಲ, ಸಾಲದೇ?” ಎಂದಳು ಅಮ್ಮ. ತೋಳಿನ ಮೇಲಿದ್ದ ಸಿಡುಬಿನ ಚುಚ್ಚುಮದ್ದಿನ ಗುರುತು ತೋರಿಸಿ, “ಇದನ್ನು ಒಂದೇ ಸಲ ಹಾಕಿದ್ದು ತಮ್ಮಾ. ಇವತ್ತಿನವರೆಗೂ ಸಿಡುಬು ಬಂದಿದೆಯೇ?”

ಈ ವಾದಕ್ಕೆ ಏನು ಹೇಳುವುದು? ಸಿಡುಬಿನ ಲಸಿಕೆಯ ಬಲವೂ ವರ್ಷ ಕಳೆದಂತೆ ಇಳಿಯುತ್ತದೆ. ಆದರೆ ಇಳಿದದ್ದು ಗೊತ್ತಾಗಲು ಸಿಡುಬೇ ಉಳಿದಿಲ್ಲವಲ್ಲ! ಭಾರತದಲ್ಲಿ ಅದು ಕೊನೆಯ ಸಲ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಸಾರಿದರು. ಅಮ್ಮನ ಗುರುತು ಗೆದ್ದಿರುವುದು ಎದುರಾಳಿ ಅಖಾಡಕ್ಕೇ ಬಾರದ ಕುಸ್ತಿಯನ್ನು.

ಮಂಗನ ಕಾಯಿಲೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಗೆ ಬಂದದ್ದು ಇಂದಿಗೂ ಮಲೆನಾಡಿನ ರಕ್ತ ಹೀರುವ ಉಣುಗುಗಳ ಮೈಯಲ್ಲಿ ಕುಳಿತಿದೆ. ಅದರ ಲಸಿಕೆಯಲ್ಲಿದ್ದದ್ದು ಫಾರ್ಮಾಲಿನ್ ಹಾಕಿ ಕೊಂದ ವೈರಸ್. ಸತ್ತದ್ದು ಮೈಯೊಳಗೆ ಬೆಳೆಯುವುದಿಲ್ಲ. ಬಂದು ಹೋದ ನೆಂಟನ ಮುಖದಂತೆ ಶರೀರ ಅದನ್ನು ಬೇಗ ಮರೆಯುತ್ತದೆ. ಅದಕ್ಕೇ ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಮೂರನೆಯದು, ಆಮೇಲೆ ಐದು ವರ್ಷ ವರ್ಷಕ್ಕೊಂದು. 2005ರಿಂದ 2010ರವರೆಗೆ ನಮ್ಮ ರಾಜ್ಯದಲ್ಲೇ ತೆಗೆದ ಲೆಕ್ಕದಂತೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ.

ಅಮ್ಮ ಮೂರನೆಯದನ್ನು ತಪ್ಪಿಸಿದ್ದು ನೋವಿಗೆ ಹೆದರಿ. ಎರಡನೆಯದಾದ ಮೇಲೆ ಎರಡು ದಿನ ಎಡಗೈಯಲ್ಲೇ ದೋಸೆ ಹುಯ್ದಿದ್ದಳಂತೆ. ಆ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಕೊಡೆ ಹಿಡಿದು ಮನೆಗೇ ಬಂದು ಕರೆದರೆ, ಕಾಫಿ ಕೊಟ್ಟು, ಹಲಸಿನ ಹಪ್ಪಳ ಸುಟ್ಟು ಕೊಟ್ಟು, ಮಾತಿನಲ್ಲೇ ಸಾಗಹಾಕಿದ್ದಳು. ಬೈಯಲು ನನಗೇನು ಹಕ್ಕು? ನನ್ನ ಕೋವಿಡ್ ಡೋಸುಗಳ ತಾರೀಖು ಇಂದಿಗೂ ಮೊಬೈಲಿನಲ್ಲಿದೆ. ಅಮ್ಮನ ಚೀಟಿಯ ಬಗ್ಗೆ ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಈಗ ಹಾಕಿಸೋಣವೆಂದರೆ ಲಸಿಕೆಯೇ ಇಲ್ಲ. ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ.

ಮಧ್ಯಾಹ್ನ ಅಮ್ಮ ಕಾಡಿನಿಂದ ದರಗು, ಅಂದರೆ ಒಣಗಿದ ಎಲೆ, ತರಲು ಹೊರಟಳು. ಬೇಡವೆಂದರೆ ಕೇಳುವವಳಲ್ಲ. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆಯನ್ನು ಕಾಲಿಗೆ, ಕೈಗೆ ನಾನೇ ಹಚ್ಚಿ ಕಳಿಸಿದೆ. ಬಂದವಳು ನೇರ ಬಚ್ಚಲಿಗೆ ಹೋದಳು. ಸೀರೆಯನ್ನು ಬಿಸಿಲಿಗೆ ಹಿಡಿದು ಹುಡುಕಿದೆ. ಅಂಚಿನ ಮಡಿಕೆಯಲ್ಲಿ ಕಪ್ಪಗೆ, ಸಣ್ಣಗೆ ಏನೋ ಕಂಡಿತು. ಕನ್ನಡಕ ಹಾಕಿ ನೋಡಿದರೆ ಎಳ್ಳು. ಸಂಕ್ರಾಂತಿಯದ್ದು ಇರಬೇಕು. ಅಮ್ಮ ಬಚ್ಚಲಿನಿಂದಲೇ ನಕ್ಕಳು. ನಾನು ಅದನ್ನೂ ಒಲೆಗೆ ಹಾಕಿದೆ.