ಶಟರಿನ ಮೇಲಿನ ಗೆರೆಗಳು

ಇವತ್ತು ಬೆಳಿಗ್ಗೆ ಮುಂಬೈಯ ಮಾಟುಂಗಾದಲ್ಲಿ ನಮ್ಮ ಜೆರಾಕ್ಸ್ ಅಂಗಡಿ ಇನ್ನೂ ತೆರೆದಿರಲಿಲ್ಲ.
ಎದುರಿನ ಕಟ್ಟೆಯ ಮೇಲೆ ಕುಳಿತು ಅದರ ಶಟರನ್ನೇ ನೋಡುತ್ತಿದ್ದೆ. ಬೇರೆ ಕೆಲಸವೂ ಇರಲಿಲ್ಲ.

ನೀಲಿ ಬಣ್ಣದ ದಪ್ಪ ಅಕ್ಷರಗಳು. ಮಡಿಕೆ ಮಡಿಕೆಯ ಸಂದಿನಲ್ಲೂ ಬಣ್ಣ ಎದ್ದುಹೋಗಿ, ಅಂಗಡಿಯ ಹೆಸರು ಅಡ್ಡಪಟ್ಟಿಗಳಾಗಿ ಸೀಳಿಕೊಂಡಿತ್ತು. ಓದುವುದಕ್ಕೇನೂ ಅಡ್ಡಿಯಿಲ್ಲ.
ಅರೆ, ಇದು ಐಬಿಎಂ ಲೋಗೊ ಅಲ್ಲವೇ!

ಅಮೆರಿಕದ ವಿನ್ಯಾಸಕಾರ ಪಾಲ್ ರ‍್ಯಾಂಡ್ 1956ರಲ್ಲಿ ಆ ಕಂಪ್ಯೂಟರ್ ಕಂಪನಿಯ ಮೂರು ಅಕ್ಷರಗಳನ್ನು ಗಟ್ಟಿಯಾಗಿ, ತುಂಬಿಸಿಯೇ ಬರೆದಿದ್ದರು. ಪಟ್ಟಿಗಳು ಬಂದದ್ದು ಆಮೇಲೆ. ಈಗಲೂ ಕಾಣುವ 8 ಪಟ್ಟಿಗಳ ರೂಪ 1972ರದು.
ತೊಡಕು ಇದ್ದದ್ದು ಅಗಲದಲ್ಲಿ. ಐ ಸಣಕಲು. ಬಿ ಪರವಾಗಿಲ್ಲ. ಎಂ ಮಾತ್ರ, ಲೋಕಲ್ ರೈಲಿನ ಮೂವರ ಸೀಟಿನಲ್ಲಿ ಇಬ್ಬರ ಜಾಗ ಹಿಡಿದು ಕುಳಿತವನ ಹಾಗೆ.
ಒಂದೇ ಅಳತೆಯ ಗೆರೆಗಳು ಮೂರನ್ನೂ ಹಾಯ್ದು ಹೋದದ್ದೇ ತಡ, ಮೂರೂ ಒಂದೇ ಮನೆಯವರಂತೆ ಕಂಡವು. ಹೊಸದೇನನ್ನೂ ಸೇರಿಸಲಿಲ್ಲ, ಇದ್ದುದರಲ್ಲೇ ಅಷ್ಟಷ್ಟು ತೆಗೆದರು. ನನಗಂತೂ ಆ ಜಾಣತನದ ಮೇಲೆ ಹೊಟ್ಟೆಕಿಚ್ಚು.

ಅಷ್ಟರಲ್ಲಿ ಶೆಟ್ಟರು ಬಂದು ಬೀಗ ತೆಗೆದರು. ಶಟರು ಗಡಗಡನೆ ಮೇಲೇರಿತು. ಅಕ್ಷರಗಳು ಒಂದೊಂದೇ ಪಟ್ಟಿಯಾಗಿ ಸುರುಳಿಯೊಳಗೆ ಹೋದವು.
“ಮಳೆ ಮುಗಿಯಲಿ, ಹೊಸ ಬಣ್ಣ ಹೊಡೆಸುತ್ತೇನೆ” ಎಂದರು, ನಾನು ನೋಡುತ್ತಿದ್ದುದಕ್ಕೆ ಸಂಕೋಚಪಟ್ಟುಕೊಂಡು.
“ಬೇಡ ಶೆಟ್ಟರೇ, ಹಾಗೆಯೇ ಇರಲಿ. ಚೆನ್ನಾಗಿದೆ.”
ನನ್ನ ಮುಖವನ್ನೊಮ್ಮೆ ನೋಡಿದರು.
“ಆಧಾರ್ ಎಷ್ಟು ಪ್ರತಿ ಬೇಕು?”